ಕಲ್ಲಿನ ಗುರುತು, ಸಂಘದ ಗುರುತು

ನಮ್ಮ ಹಾಲಿನ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಂಧುಗಳ ಮುಂದೆ ಒಂದು ವಿಷಯ ಇಡಲು ಬಯಸುತ್ತೇವೆ. ಸಂಘದ ಸೀಲಿನಲ್ಲಿ ಹಸು ಮತ್ತು ಕರುವಿನ ಚಿತ್ರ ಇದೆ. ಡೇರಿ ಅಂದ ಮೇಲೆ ಹಸು ಇರಲೇಬೇಕಲ್ಲ, ಅದರಲ್ಲೇನು ವಿಶೇಷ ಅನ್ನಬಹುದು. ಆದರೆ ಈ ಹಸು-ಕರು ಡೇರಿಗಿಂತ ಬಹಳ ಹಳೆಯದು. ನೂರಾರು ವರ್ಷಗಳ ಹಿಂದೆಯೇ ನಮ್ಮ ನಾಡಿನ ಶಾಸನದ ಕಲ್ಲುಗಳ ಮೇಲೆ ಅದನ್ನು ಕೆತ್ತಿದ್ದಾರೆ.

ಹಳೆಯ ದಾನಶಾಸನ ನೋಡಿದವರಿಗೆ ಗೊತ್ತು. ಬರಹ ಕೆಳಗೆ, ಚಿತ್ರ ಮೇಲೆ. ಸೂರ್ಯ, ಚಂದ್ರ, ನಡುವೆ ಲಿಂಗ ಅಥವಾ ಜಿನಮೂರ್ತಿ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು, ಕೆಲವು ಕಲ್ಲಿನಲ್ಲಿ ಒಂದು ಕತ್ತಿ. ಆಗ ಅಕ್ಷರ ಬಲ್ಲವರು ಕಡಿಮೆ. ಓದು ಬಾರದ ಒಕ್ಕಲು ಮಗನಿಗೂ ವಿಷಯ ತಿಳಿಯಲಿ ಅಂತ ಚಿತ್ರ. ಸೂರ್ಯಚಂದ್ರ ಇರುವ ತನಕ ಈ ದಾನ ನಡೆಯಬೇಕು ಎಂಬುದು ಮೊದಲ ಅರ್ಥ. ಬರಹದಲ್ಲೂ ‘ಆಚಂದ್ರಾರ್ಕ’ ಎಂಬ ಮಾತು ಬರುತ್ತದೆ. ಹಸು ಕರುವನ್ನು ಪೊರೆದಂತೆ ಧರ್ಮವನ್ನು ಪೊರೆಯಬೇಕು ಎಂದು ಹಸು-ಕರುವಿಗೆ, ಅರಸನ ಕಾವಲು ಇದೆ ಎಂದು ಕತ್ತಿಗೆ ತಿಳಿದವರು ಅರ್ಥ ಹೇಳುತ್ತಾರೆ. ಈ ಮಾತಿಗೆ ತಪ್ಪಿದವರಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರುತ್ತೆ ಅಂತ ಶಾಪವನ್ನೂ ಹಾಕಿರುತ್ತಾರೆ.

ಹೊಲದ ಬದುಗಳಲ್ಲಿ ಇನ್ನೊಂದು ಬಗೆಯ ಕಲ್ಲು ಸಿಗುತ್ತದೆ. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆ ಕಲ್ಲು. ಜೈನ ಬಸದಿಯ ಭೂಮಿಗೆ ಮೂರು ಕೊಡೆಯ ಮುಕ್ಕೊಡೆ ಕಲ್ಲು. ವಿಷ್ಣು ದೇವಾಲಯಕ್ಕೋ ಬ್ರಾಹ್ಮಣರಿಗೋ ಕೊಟ್ಟ ಭೂಮಿಗೆ ಕೊಡೆ, ಕಮಂಡಲು ಹಿಡಿದ ವಾಮನಮುದ್ರೆ ಕಲ್ಲು. ಬಲಿ ಚಕ್ರವರ್ತಿಯ ಹತ್ತಿರ ಮೂರು ಹೆಜ್ಜೆ ಭೂಮಿ ದಾನ ಪಡೆದವನು ವಾಮನ. ಆದ್ದರಿಂದ ಭೂದಾನಕ್ಕೆ ಅವನ ಗುರುತು. ಎಷ್ಟು ಯೋಚನೆ ಮಾಡಿ ಇಟ್ಟಿದ್ದಾರೆ ನೋಡಿ!

ವೀರಗಲ್ಲುಗಳೂ ಹೀಗೆಯೇ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕೆಳಗೆ ದನಗಳ ಸಾಲು ಇದ್ದರೆ ಅವನು ತುರುಗಾಳಗದಲ್ಲಿ, ಅಂದರೆ ಊರ ದನ ಉಳಿಸಲು ಹೋಗಿ ಸತ್ತವನು ಅಂತ ತಿಳಿಯಬೇಕು. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಅದು ಮಾಸ್ತಿಕಲ್ಲು, ಸಹಗಮನ ಮಾಡಿದ ಹೆಂಗಸಿನದು.

ಅರಸರಿಗೂ ಲಾಂಛನ ಬೇಕಾಗಿತ್ತು. ಬಾದಾಮಿ ಚಾಲುಕ್ಯರದು ವರಾಹ, ವಿಜಯನಗರದವರದೂ ವರಾಹ. ಸುಮಾರು 3.4 ಗ್ರಾಂ ತೂಕದ ಚಿನ್ನದ ನಾಣ್ಯಕ್ಕೆ ವರಾಹ ಎಂಬ ಹೆಸರು ಬಂದದ್ದು ಆ ಚಿತ್ರದಿಂದಲೇ. ಅಚ್ಯುತದೇವರಾಯನ ಕಾಲದಲ್ಲಿ (1529–1542) ನಾಣ್ಯದ ಮೇಲೆ ಗಂಡಭೇರುಂಡ ಬಂತು. ಆದರೂ ಜನರ ಬಾಯಲ್ಲಿ ವರಾಹ ವರಾಹವಾಗಿಯೇ ಉಳಿಯಿತು. ಅದೇ ಗಂಡಭೇರುಂಡ ಮುಂದೆ ಮೈಸೂರು ಒಡೆಯರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ.

ಸ್ವಾತಂತ್ರ್ಯ ಬಂದ ಮೇಲೂ ಚಿತ್ರದ ಅಗತ್ಯ ಹೋಗಲಿಲ್ಲ. 1951ರ ಜನಗಣತಿಯಲ್ಲಿ ದೇಶದ ನೂರು ಜನರಲ್ಲಿ ಓದು ಬಲ್ಲವರು ಸುಮಾರು 18 ಮಂದಿ. ಹಾಗಾಗಿ 1951–52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ಹೆಬ್ಬೆಟ್ಟಿನವರೂ ತಮಗೆ ಬೇಕಾದ ಚಿಹ್ನೆ ನೋಡಿ ಚೀಟಿ ಹಾಕಿದರು.

ನಮ್ಮ ಸಹಕಾರ ಚಳವಳಿಗೂ ಗುರುತಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು ಎಂಬ ಹೆಮ್ಮೆ ಅದರದು. ಅದಾಗಿ 20 ವರ್ಷಕ್ಕೆ, 1925ರಲ್ಲಿ, ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ಕಾಮನಬಿಲ್ಲಿನ ಏಳು ಬಣ್ಣದ ಬಾವುಟವನ್ನು ಒಪ್ಪಿಕೊಂಡಿತು. ಬಣ್ಣ ಏಳು, ಬಿಲ್ಲು ಒಂದು. ಜಾತಿ, ಪಂಗಡ ಬೇರೆಯಾದರೂ ಸಂಘ ಒಂದು ಎಂಬ ಭಾವನೆ. 2001ರಲ್ಲಿ ಆ ಒಕ್ಕೂಟ ತನ್ನ ಬಾವುಟ ಬದಲಿಸಿತು. ನಮ್ಮ ದೇಶದಲ್ಲಿ ಮಾತ್ರ ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದಲ್ಲಿ ಏಳು ಬಣ್ಣದ್ದನ್ನೇ ಹಾರಿಸುತ್ತಾ ಬಂದಿದ್ದೇವೆ.

ಇಷ್ಟೆಲ್ಲ ಯಾಕೆ ಹೇಳಿದೆವು ಅಂದರೆ, ಎರಡು ಕೋರಿಕೆ ಇದೆ. ಒಂದು, ಕಲ್ಲಿನ ಮೇಲೆ ಗುರುತು ಕಂಡರೆ ಕೆಳಗೆ ನಿಧಿ ಇದೆ ಅಂತ ರಾತ್ರಿ ಅಗೆಯುವವರು ಸುತ್ತಮುತ್ತ ಇದ್ದಾರೆ. ಅದು ನಿಧಿಯ ಗುರುತಲ್ಲ, ಎಲ್ಲೆಯ ಗುರುತು, ಕೊಟ್ಟ ಮಾತಿನ ಗುರುತು. ಜೆಸಿಬಿ ತರಿಸಿ ಬದು ಸಮ ಮಾಡುವಾಗ ಅಂಥ ಕಲ್ಲು ಸಿಕ್ಕರೆ ಒಡೆಯಬೇಡಿ, ಕಾಲುವೆಗೆ ಹಾಸಬೇಡಿ. ಇದ್ದ ಜಾಗದಲ್ಲೇ ಬಿಟ್ಟು ಪಂಚಾಯ್ತಿಗೆ ತಿಳಿಸಿ. ಒಡೆದರೆ ನಮ್ಮೂರ ಚರಿತ್ರೆ ಹೇಳಲು ಮತ್ತೊಂದು ಸಾಕ್ಷಿ ಸಿಗುವುದಿಲ್ಲ.

ಎರಡನೆಯದು ಸಂಘದ ಸೀಲು. ಆ ಹಸು-ಕರು ಪಾಸ್‌ಬುಕ್ಕಿನ ಮೇಲೆ ಬಿದ್ದರೆ ಲೀಟರ್ ಸರಿ, ಫ್ಯಾಟ್ ಸರಿ, ಬಟವಾಡೆ ಸರಿ ಅಂತ ಅರ್ಥ. ಓದಲು ಬಾರದ ಎಷ್ಟೋ ತಾಯಂದಿರು ಅದನ್ನು ನೋಡಿ ನಂಬಿ ಹೋಗುತ್ತಾರೆ. ಅಳೆಯುವವರು ಅಳತೆ ತಪ್ಪಬಾರದು, ಹಾಕುವವರು ಹಾಲಿಗೆ ನೀರು ಬೆರೆಸಬಾರದು. ನಿರ್ದೇಶಕರಾದ ನಾವು ಲೆಕ್ಕ ನೋಡದೆ ಸೀಲು ಒತ್ತಬಾರದು. ಇಷ್ಟು ನಡೆಸಿಕೊಂಡು ಹೋದರೆ ನಮ್ಮ ಮಕ್ಕಳು ಸುವರ್ಣ ಮಹೋತ್ಸವವನ್ನೂ ಇದೇ ಗುರುತಿನ ಕೆಳಗೆ ಮಾಡುತ್ತಾರೆ.

ಜೈ ಸಹಕಾರ.