ಎಳ್ಳಿಲ್ಲದ ಎಳ್ಳುಬೆಲ್ಲ

ಸಂಕ್ರಾಂತಿಗೆ ಬೀರುವ ಎಳ್ಳಿನಲ್ಲಿ ಐದು ಪದಾರ್ಥ ಇರಲೇಬೇಕೆಂಬುದು ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಯಾರೂ ಮರುಮಾತಾಡದೆ ಒಪ್ಪಿಕೊಂಡ ಲೆಕ್ಕ: ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ತಿಪಟೂರು ತಾಲ್ಲೂಕಿನ ಬಿಳಿಗೆರೆಯಂಥ ಊರಲ್ಲಿ ಇದರಲ್ಲೊಂದು ಅಂಗಡಿಯಿಂದ ಬರಬೇಕಾಗಿಲ್ಲ, ಕೊಬ್ಬರಿ ಅಟ್ಟದಿಂದಲೇ ಇಳಿಯುತ್ತದೆ. ಉಳಿದ ನಾಲ್ಕರಲ್ಲಿ ಎಳ್ಳು ಮತ್ತು ಕಡಲೆಕಾಯಿ ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ಮೈಮೇಲೆ ದದ್ದು ಏಳುವುದರಿಂದ ಹಿಡಿದು ಉಸಿರು ಕಟ್ಟುವವರೆಗೆ ಅದರ ಪರಿಣಾಮ ಹೋಗಬಹುದು. ಅಂಥ ಮಗುವಿಗೆಂದು ಎಳ್ಳೂ ಕಡಲೆಕಾಯಿಯೂ ಇಲ್ಲದ ಪೊಟ್ಟಣವನ್ನು ಬೇರೆಯಾಗಿ ಕಟ್ಟಿದರೆ ಹಬ್ಬದ ಪದ್ಧತಿ ಮುರಿದಂತಾಗುತ್ತದೆ ಎಂದು ಹಿರಿಯರು ಅಂಜುವುದುಂಟು. ಆ ಅಂಜಿಕೆಗೆ ಚರಿತ್ರೆಯಲ್ಲಿ ಆಧಾರವಿಲ್ಲ ಎಂಬುದು ನನ್ನ ವಾದ. ಐದರ ಈ ಲೆಕ್ಕ ಒಂದೇ ಕಾಲದಲ್ಲಿ ಹುಟ್ಟಿದ್ದಲ್ಲ. ನೆಲ, ಪೇಟೆ, ಬೆಲೆ ಇವು ಕಾಲಕಾಲಕ್ಕೆ ಅದನ್ನು ಕೂಡಿಸಿ ಕಳೆದು ಬಂದಿವೆ.

ಮೊದಲು ಹಳೆಯ ನೆಂಟರನ್ನು ನೋಡೋಣ. ಹರಪ್ಪದ ಅಗೆತದಲ್ಲಿ ಸುಟ್ಟು ಕರಿಕಾದ ಎಳ್ಳು ಸಿಕ್ಕಿದೆ. ಕಡಲೆಯೂ ಸಿಂಧೂ ಬಯಲಿನ ಕಾಲದಿಂದ ಈ ದೇಶದ ಬೆಳೆಯೇ. ಕಬ್ಬು, ಬೆಲ್ಲಗಳ ಹಳಮೆಯ ಬಗ್ಗೆಯೂ ತಕರಾರಿಲ್ಲ. ಕಡಲೆಕಾಯಿಯ ಕತೆ ಬೇರೆ. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರು ಬ್ರೆಜಿಲ್ ತೀರ ಮುಟ್ಟಿದ್ದು 1500ರಲ್ಲಿ, ಗೋವೆ ಹಿಡಿದದ್ದು 1510ರಲ್ಲಿ. ಅವರ ಹಡಗಿನ ಕಾಲಕ್ಕಿಂತ ಮುಂಚೆ ಆ ಬೀಜ ನಮ್ಮ ಹೊಲದಲ್ಲಿ ಇರಲು ಸಾಧ್ಯವಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಐತಿಹ್ಯ ಇಲ್ಲಿ ನೆನಪಾಗುತ್ತದೆ. ಕಡಲೆಕಾಯಿ ಹೊಲವನ್ನು ಮೇಯುತ್ತಿದ್ದ ಬಸವನಿಗಾಗಿ ಕೆಂಪೇಗೌಡ 1537ರಲ್ಲಿ ಗುಡಿ ಕಟ್ಟಿಸಿದನೆಂದು ಹೇಳುತ್ತಾರೆ. ಗೋವೆಗೆ ಹಡಗು ಬಂದ ಇಪ್ಪತ್ತೇಳೇ ವರ್ಷಕ್ಕೆ ಬೆಂಗಳೂರಿನ ಹೊರವಲಯದ ರೈತರು ಹೊಲ ತುಂಬ ಅದನ್ನು ಬೆಳೆದು ಎತ್ತಿನ ಕಾಟಕ್ಕೆ ಗೋಳಾಡುತ್ತಿದ್ದರು ಎಂದರೆ ನಂಬುವುದು ಕಷ್ಟ. ಐತಿಹ್ಯವನ್ನು ಅಲ್ಲಗಳೆಯಲು ಈ ಮಾತು ಹೇಳುತ್ತಿಲ್ಲ. ಒಂದು ಬೆಳೆ ಬಾಯಿಗೆ ಹತ್ತಿದ ಮೇಲೆ ಜನ ಅದಕ್ಕೆ ಎಷ್ಟು ಬೇಗ ಪುರಾತನದ ಪಟ್ಟ ಕಟ್ಟುತ್ತಾರೆ ಎಂಬುದಕ್ಕೆ ಇದೊಳ್ಳೆ ಸಾಕ್ಷಿ. ದಕ್ಷಿಣದ ಒಣಭೂಮಿಯಲ್ಲಿ ಕಡಲೆಕಾಯಿ ಎಣ್ಣೆಬೀಜದ ದೊಡ್ಡ ವ್ಯಾಪಾರದ ಬೆಳೆಯಾದದ್ದು ಹತ್ತೊಂಬತ್ತನೇ ಶತಮಾನದ ನಡುವಿನಿಂದೀಚೆಗೆ. ಪಾವಗಡ, ಚಳ್ಳಕೆರೆಗಳ ಕಡೆ ಇವತ್ತಿಗೂ ಬಿತ್ತುವ ಟಿ.ಎಂ.ವಿ. 2 ತಳಿ ತಿಂಡಿವನದ ಸಂಶೋಧನಾ ಕೇಂದ್ರದಿಂದ ಬಿಡುಗಡೆಯಾದದ್ದು 1940ರಲ್ಲಿ. ಹಾಗಾಗಿ ಎಳ್ಳಿನ ಪಕ್ಕದಲ್ಲಿ ಸಮಸಮನಾಗಿ ಕೂತಿರುವ ಕಡಲೆಕಾಯಿ ಬೀಜ ಈ ಪಂಕ್ತಿಗೆ ಬಹಳ ತಡವಾಗಿ ಬಂದ ಅತಿಥಿ.

ಕೊಬ್ಬರಿಯ ಚರಿತ್ರೆ ಈ ಸೀಮೆಯದೇ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ದೇಶ ಸುತ್ತಿದ ಫ್ರಾನ್ಸಿಸ್ ಬುಕನನ್ ಚಿಕ್ಕನಾಯಕನಹಳ್ಳಿಯ ತೆಂಗು, ಅಡಿಕೆ ತೋಟಗಳ ವಿಚಾರ ಬರೆದಿಟ್ಟಿದ್ದಾನೆ. ಅವನ ಪ್ರವಾಸ ಕಥನ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಆಗ ತಿಪಟೂರು ಈಗಿನಷ್ಟು ಹೆಸರುವಾಸಿಯಾಗಿರಲಿಲ್ಲ. ತಾಲ್ಲೂಕಿನ ಕೇಂದ್ರ ಮೊದಲು ಹೊನ್ನವಳ್ಳಿಯಾಗಿತ್ತು. ಬೆಂಗಳೂರಿನಿಂದ ತುಮಕೂರು, ಗುಬ್ಬಿ ದಾಟಿ ಹರಿಹರದವರೆಗೆ ಮೀಟರ್ ಗೇಜ್ ಹಳಿ ಪೂರ್ತಿಯಾದ 1889ರ ಸುಮಾರಿನಿಂದ ತಿಪಟೂರು ಪೇಟೆ ಬೆಳೆಯಿತು. ಇಲ್ಲಿಯ ಉಂಡೆ ಕೊಬ್ಬರಿ ಎಣ್ಣೆಗಾಣಕ್ಕೆ ಹೋಗುವ ಮಾಲಲ್ಲ, ತಿನ್ನುವ ಮಾಲು. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಹತ್ತಿರಹತ್ತಿರ ವರ್ಷದವರೆಗೆ ಕಾದು, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟು ಗಳಗಳ ಸದ್ದು ಮಾಡುವಾಗ ಸುಲಿದು, ಚಿಪ್ಪು ಒಡೆದು ಗಿಟುಕು ತೆಗೆಯುತ್ತಾರೆ. ಒಡೆಯುವ ಕೈ ಪಳಗಿರಬೇಕು, ಉಂಡೆ ಸೀಳಿದರೆ ದರ ಬೀಳುತ್ತದೆ. ಉತ್ತರ ಭಾರತದ ಹಬ್ಬ, ಮದುವೆಗಳಿಗೆ ಈ ಮಾಲು ಮೂಟೆಗಟ್ಟಲೆ ಹೋಗುತ್ತದೆ. ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ ಕಟ್ಟಿದ ಬೆಂಬಲ ಬೆಲೆ 12,000 ರೂಪಾಯಿ. ಅದೇ ವರ್ಷದ ಮುಂಗಾರು ಹಂಗಾಮಿಗೆ ಎಳ್ಳಿಗೆ 9,267, ಸಿಪ್ಪೆ ಸಮೇತದ ಕಡಲೆಕಾಯಿಗೆ 6,783. ಈ ಮೂರು ಅಂಕಿ ಒಟ್ಟಿಗಿಟ್ಟು ನೋಡಿದರೆ ಅಂಗಡಿಯ ಸಿದ್ಧ ಪೊಟ್ಟಣದಲ್ಲಿ ಕಡಲೆಕಾಯಿ ಬೀಜ ಏಕೆ ಮುಂದಾಗಿ, ಕೊಬ್ಬರಿ ಏಕೆ ಚೂರಾಗಿ ಕಾಣುತ್ತದೆ ಎಂದು ಊಹಿಸಬಹುದು. ಅಳತೆಯನ್ನು ಶಾಸ್ತ್ರ ಗೊತ್ತುಮಾಡಿಲ್ಲ, ತಕ್ಕಡಿ ಗೊತ್ತುಮಾಡಿದೆ.

ಊರು ಬದಲಾದರೆ ಪೊಟ್ಟಣವೂ ಬದಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಹಂಚುವುದು ಕುಸುರೆಳ್ಳು: ಎಳ್ಳಿನ ಮೇಲೆ ಸಕ್ಕರೆ ಪಾಕ ಹನಿಹನಿಯಾಗಿ ಹಾಕಿ ಕೈಯಾಡಿಸಿ ಮುಳ್ಳುಮುಳ್ಳಾಗಿ ಕುಸುರಿ ಬರಿಸಿದ್ದು. ಅದರಲ್ಲಿ ಕೊಬ್ಬರಿಯ ಚೂರೂ ಇಲ್ಲ, ಹುರಿಗಡಲೆಯೂ ಇಲ್ಲ. ಆದರೂ ಒಳ್ಳೆ ಮಾತಾಡೋಣ ಎಂಬ ಮಾತು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಹಳೆ ಮೈಸೂರಿನ ತಟ್ಟೆಯಲ್ಲಿ ಎಳ್ಳಿನ ಜೊತೆ ಕೂರುವ ಸಕ್ಕರೆ ಅಚ್ಚನ್ನು ತೆಗೆದುಕೊಳ್ಳಿ. ಮರದ ಅಚ್ಚಿಗೆ ಬಿಳಿ ಪಾಕ ಹೊಯ್ದು ಗೋಪುರ, ಆನೆ, ಮಂಟಪ ಮಾಡುವ ಆ ಕುಶಲತೆ ಮಧ್ಯಮ ವರ್ಗದ ಮನೆಮನೆಗೂ ಹಬ್ಬಲು ಅಗ್ಗದ ಗಿರಣಿ ಸಕ್ಕರೆ ಬೇಕಿತ್ತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಆಮೇಲೆ ಬಣ್ಣದ ಜೀರಿಗೆ ಪೆಪ್ಪರ್‌ಮಿಂಟು ಬಂದು ಮಿಶ್ರಣಕ್ಕೆ ಸೇರಿತು. ಅದನ್ನು ಯಾವ ಅಜ್ಜಿಯೂ ಅಶಾಸ್ತ್ರೀಯವೆಂದು ಆರಿಸಿ ಎಸೆಯಲಿಲ್ಲ. ಸೇರಿಸುವುದಕ್ಕೆ ಇಷ್ಟು ಸಲೀಸಾಗಿ ಒಪ್ಪಿದ ಪದ್ಧತಿ, ಒಂದು ಮಗುವಿನ ಪೊಟ್ಟಣದಿಂದ ಎರಡನ್ನು ತೆಗೆಯುವಾಗ ಮಾತ್ರ ಕಲ್ಲಾಗಬೇಕೆಂಬುದು ನ್ಯಾಯವಲ್ಲ. ಅಷ್ಟೇ ಅಲ್ಲ, ತೀರ ಎಳೆಯ ಮಕ್ಕಳಿಗೆ ಸಂಕ್ರಾಂತಿಯ ಸಂಜೆ ಆರತಿ ಎತ್ತಿ ತಲೆಯ ಮೇಲೆ ಎರೆಯುವುದು ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು. ವಯಸ್ಸು ನೋಡಿ ವಸ್ತು ಗೊತ್ತುಮಾಡುವ ವಿವೇಕ ಹಬ್ಬದೊಳಗೇ ಇದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಅಲರ್ಜಿ ಎಂಬುದು ಅಮೆರಿಕದವರ ಕಾಯಿಲೆ, ನಮ್ಮ ಮಕ್ಕಳು ಗಟ್ಟಿ. ಅರ್ಧ ನಿಜ. ಅಕ್ಟೋಬರ್ ಕೊನೆಯಲ್ಲಿ ಹ್ಯಾಲೋವೀನ್ ಎಂದು ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಆ ದೇಶದಲ್ಲಿ, ಅಲರ್ಜಿಯ ಮಕ್ಕಳಿಗೆ ತಿನಿಸಲ್ಲದ ಸಾಮಾನು ಇಟ್ಟಿದ್ದೇವೆಂದು ತಿಳಿಸಲು ನೀಲಿಹಸಿರು ಬಣ್ಣದ ಕುಂಬಳಕಾಯಿ ಇಡುವ ಅಭಿಯಾನವನ್ನು 2014ರಲ್ಲಿ ಫೇರ್ ಎಂಬ ಸಂಸ್ಥೆ ದೇಶಾದ್ಯಂತ ನಡೆಸಬೇಕಾಯಿತು. ನಮ್ಮಲ್ಲಿ ಪ್ರಮಾಣ ಅಷ್ಟಿಲ್ಲ. ಬೆಂಗಳೂರು, ಮೈಸೂರುಗಳ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನದಲ್ಲಿ ಶೇ. 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಸಂವೇದನೆ ಕಂಡಿತು, ಆದರೆ ನಿಜವಾಗಿ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ಮಕ್ಕಳಲ್ಲಿ ಆ ಪ್ರಮಾಣ ಇನ್ನೂ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಯಾವುದೋ ತಿಂದು ಮೈಯೆಲ್ಲ ದದ್ದು ಎದ್ದಾಗ ಪಿತ್ತದ ಗಂಧೆ ಎಂದು ಗುರುತಿಸಿ ದೊಡ್ಡಪತ್ರೆ ರಸ ಹಚ್ಚುತ್ತಿದ್ದ ಅಡುಗೆಮನೆ ವೈದ್ಯ ಈ ಸೀಮೆಗೆ ಹೊಸದಲ್ಲ. ಎಲ್ಲ ಗಂಧೆಯೂ ಆಹಾರದಿಂದ ಬಂದದ್ದೆಂದು ಹೇಳಲಾಗದು. ಒಬ್ಬೊಬ್ಬರಿಗೆ ಒಂದೊಂದು ಆಗಿಬರುವುದಿಲ್ಲ ಎಂಬ ತಿಳಿವಳಿಕೆಯಂತೂ ಇತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹ್ಯಾಲೋವೀನಿನಲ್ಲಿ ಮನೆಯವರು ಗುರುತಿಲ್ಲದ ಮಗುವಿಗೆ ಕೊಡುತ್ತಾರೆ, ಹಾಗಾಗಿ ಕುಂಬಳಕಾಯಿಯ ಬಣ್ಣ ಮಾತಾಡಬೇಕು. ಎಳ್ಳು ಬೀರುವುದರಲ್ಲಿ ಕೊಡುವವರೂ ಪಡೆಯುವವರೂ ಗುರುತಿನವರೇ. ಯಾರ ಮನೆಯ ಮಗುವಿಗೆ ಏನು ಆಗದು ಎಂದು ಬೀದಿಗೇ ಗೊತ್ತಿರುವ ಊರಲ್ಲಿ ಬೇರೆ ಪೊಟ್ಟಣ ಕಟ್ಟುವುದು ಇನ್ನೂ ಸುಲಭವಲ್ಲವೆ?

ಎರಡನೇ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಡಲೆಕಾಯಿ ಈಚಿನದು, ಬಿಡಿ. ಎಳ್ಳೇ ಇಲ್ಲದಿದ್ದರೆ ಅದು ಸಂಕ್ರಾಂತಿ ಹೇಗಾದೀತು? ಎಳ್ಳಿಗೆ ಈ ಹಬ್ಬದಲ್ಲಿ ಹಲವು ಕೆಲಸಗಳಿವೆ ಎಂಬುದನ್ನು ಮರೆತಾಗ ಮಾತ್ರ ಈ ಪ್ರಶ್ನೆ ಕಟ್ಟಿಹಾಕುತ್ತದೆ. ಎಳ್ಳೆಣ್ಣೆಯ ಅಭ್ಯಂಜನವಿದೆ, ಎಳ್ಳಿನ ದಾನವಿದೆ, ಹಿರಿಯರಿಗೆ ಎಳ್ಳುನೀರು ಬಿಡುವುದಿದೆ, ದೇವರ ಮುಂದಿನ ತಟ್ಟೆಯಿದೆ. ಇವೆಲ್ಲ ಹಾಗೇ ಉಳಿಯುತ್ತವೆ. ಬೀರುವುದು ಇವುಗಳಿಗಿಂತ ಬೇರೆ. ಅದು ಮನುಷ್ಯರ ನಡುವಿನ ಕೊಡುಕೊಳ್ಳುವಿಕೆ, ಅದರಲ್ಲಿ ಕೊಡುವವರ, ಪಡೆಯುವವರ ಸ್ಥಿತಿ ನೋಡಿ ನಡೆಯುವ ರಿವಾಜು ಮುಂಚಿನಿಂದಲೂ ಇದೆ. ಆ ವರ್ಷ ಸಾವಾದ ಮನೆಯವರು ಎಳ್ಳು ಬೀರುವುದಿಲ್ಲ. ಅದರಿಂದ ಊರಿನ ಹಬ್ಬ ನಿಲ್ಲುವುದೂ ಇಲ್ಲ. ಬಿಳಿಗೆರೆಯ ಸುತ್ತಿನ ರೈತರ ಮನೆಗಳಲ್ಲಂತೂ ಸಂಕ್ರಾಂತಿಯೆಂದರೆ ಮೊದಲು ದನಗಳ ಮೈ ತೊಳೆದು ಸಿಂಗರಿಸಿ ಕಿಚ್ಚು ಹಾಯಿಸುವುದು, ಅವರೆಕಾಯಿ ಗೆಣಸು ಬೇಯಿಸಿ ತಿನ್ನುವುದು. ಹೊಸ ಲಂಗ ತೊಟ್ಟ ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಹೋಗುವ ರೂಢಿ ಅಗ್ರಹಾರ, ಪೇಟೆಗಳಲ್ಲಿ ಗಟ್ಟಿಯಾಗಿದ್ದು, ಶಾಲೆ, ನೌಕರಿ, ಪತ್ರಿಕೆಗಳ ಕಾಲದಲ್ಲಿ ಉಳಿದವರಿಗೂ ಹರಡಿತೆಂದು ತೋರುತ್ತದೆ. ಹೀಗೆ ಎರವಲು ಪಡೆದು ಒಗ್ಗಿಸಿಕೊಂಡ ರೂಢಿಯನ್ನು ಇನ್ನೊಂದಿಷ್ಟು ಒಗ್ಗಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಚಿಕ್ಕಂದಿನಲ್ಲೇ ತಿನ್ನಿಸಿ ರೂಢಿ ಮಾಡಿಸಿದರೆ ಅಲರ್ಜಿ ಬರುವುದಿಲ್ಲವಂತಲ್ಲ ಎಂಬ ಮೂರನೇ ಮಾತೂ ಕೇಳಿಬರುತ್ತದೆ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಪ್ರಯೋಗ ಹಸುಗೂಸುಗಳಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿ ಅಭ್ಯಾಸ ಮಾಡಿಸಿದರೆ ಮುಂದೆ ಅಲರ್ಜಿ ಬಹಳ ಕಡಿಮೆಯಾಗುತ್ತದೆಂದು ತೋರಿಸಿದ್ದು ಹೌದು. ಅದು ಅಲರ್ಜಿ ಇನ್ನೂ ಹುಟ್ಟದ ಕೂಸುಗಳ ಮಾತು. ಅಲರ್ಜಿ ಈಗಾಗಲೇ ಇರುವ ಆರು ವರ್ಷದ ಮಗುವಿನ ಬಾಯಿಗೆ ಹಬ್ಬದ ದಿನ ಬೀಜ ತುರುಕುವುದಕ್ಕೂ ಆ ಪ್ರಯೋಗಕ್ಕೂ ಸಂಬಂಧವಿಲ್ಲ.

ಹಾಗಾದರೆ ಪೊಟ್ಟಣದಲ್ಲಿ ಏನಿರಬೇಕು? ಕೊಬ್ಬರಿ, ಬೆಲ್ಲ, ಕಬ್ಬಿನ ತುಂಡು, ಎಲಚಿ ಹಣ್ಣು. ಹುರಿಗಡಲೆಯೂ ಕಡಲೆಕಾಯಿಯಂತೆ ದ್ವಿದಳದ ಕಾಳೇ ಆದ್ದರಿಂದ ಅದನ್ನು ಹಾಕುವ ಮುನ್ನ ಆ ಮಗುವಿನ ತಾಯಿಯನ್ನು ಕೇಳಬೇಕು. ಸಕ್ಕರೆ ಅಚ್ಚಿನಲ್ಲಿ ಹಾಲು ಅಡಗಿರುತ್ತದೆ, ಪಾಕದ ಕೊಳೆ ತೆಗೆಯಲು ಹಾಲು ಹೊಯ್ಯುತ್ತಾರೆ. ಹಾಲು ಆಗದ ಮಗುವಿಗೆ ಅದೂ ಬೇಡ. ಕೊಬ್ಬರಿಗೆ ಅಲರ್ಜಿ ಇಲ್ಲವೇ ಇಲ್ಲ ಎನ್ನಲಾಗದು, ಆದರೆ ಅಪರೂಪ. ತೆಂಗನ್ನು ಬಾದಾಮಿ, ಗೋಡಂಬಿಗಳ ಸಾಲಿನಲ್ಲಿಟ್ಟು ಎಚ್ಚರಿಕೆ ಬರೆಸುತ್ತಿದ್ದ ಅಮೆರಿಕದ ಆಹಾರ ಇಲಾಖೆ 2025ರ ಜನವರಿಯಲ್ಲಿ ಅದನ್ನು ಆ ಪಟ್ಟಿಯಿಂದ ಕೈಬಿಟ್ಟಿತು. ಕಲ್ಪತರು ನಾಡಿನವರು ಇದಕ್ಕೆ ಒಂದಿಷ್ಟು ಬೀಗಬಹುದು. ತಯಾರಿಯಲ್ಲಿ ಗಮನಿಸಬೇಕಾದ್ದು ಕ್ರಮ. ಎಳ್ಳು, ಬೀಜ ಹುರಿಯುವ ಬಾಣಲೆ, ಸಿಪ್ಪೆ ತೂರುವ ಮೊರ, ಕೊಬ್ಬರಿ ಹೆಚ್ಚುವ ಈಳಿಗೆಮಣೆ, ಒಣಹಾಕುವ ಪಂಚೆ ಎಲ್ಲವೂ ಒಂದೇ ಆದ ಮೇಲೆ ಮಿಶ್ರಣದಿಂದ ಬೀಜ ಹೆಕ್ಕಿ ತೆಗೆದು ಪ್ರಯೋಜನವಿಲ್ಲ, ಪುಡಿ ಉಳಿದೇ ಇರುತ್ತದೆ. ಹುರಿದ ಮಾತ್ರಕ್ಕೆ ಕಡಲೆಕಾಯಿಯ ಅಲರ್ಜಿ ಗುಣ ತಗ್ಗುವುದೂ ಇಲ್ಲ. ಗಿಟುಕಿನ ಕಂದು ಸಿಪ್ಪೆ ಹೆರೆದು ಹೆಚ್ಚುವುದು, ಬೆಲ್ಲ ಕತ್ತರಿಸುವುದು ಎರಡನ್ನೂ ಎಲ್ಲಕ್ಕಿಂತ ಮೊದಲು ಮುಗಿಸಿ, ಆ ಮಗುವಿನ ಪಾಲನ್ನು ಡಬ್ಬಿಗೆ ಹಾಕಿ ಮುಚ್ಚಿ, ಆಮೇಲೆ ಎಳ್ಳಿನ ಕೈ ಹಚ್ಚಿದರೆ ಖರ್ಚೂ ಇಲ್ಲ, ಕಷ್ಟವೂ ಇಲ್ಲ.

ಅಂಗಡಿಯ ಸಿದ್ಧ ಪೊಟ್ಟಣವನ್ನು ನಂಬುವಂತಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ಅಲರ್ಜಿಯ ಎಚ್ಚರಿಕೆ ಬರೆಯಬೇಕಾದ ಪದಾರ್ಥಗಳ ಪಟ್ಟಿಯಿದೆ. ಕಡಲೆಕಾಯಿ, ಹಾಲು, ಸೋಯಾ ಅದರಲ್ಲಿವೆ, ಎಳ್ಳು ಇಲ್ಲ. ಅಮೆರಿಕ 2021ರಲ್ಲಿ ಕಾನೂನು ಮಾಡಿ 2023ರ ಜನವರಿ 1ರಿಂದ ಎಳ್ಳನ್ನು ಸೇರಿಸಿತು, ಯೂರೋಪು ಅದಕ್ಕೂ ಮುಂಚೆ ಸೇರಿಸಿತ್ತು. ಎಳ್ಳನ್ನು ಇಷ್ಟು ಬೆಳೆದು, ಇಷ್ಟು ತಿಂದು, ಹಬ್ಬಕ್ಕೆ ಅದರ ಹೆಸರಿಟ್ಟು ಕರೆಯುವ ದೇಶದ ಪಟ್ಟಿಯಲ್ಲಿ ಅದಿಲ್ಲದಿರುವುದು ವಿಚಿತ್ರವೇ. ಮನೆಯೊಳಗೆ ಇನ್ನೊಂದು ತೊಡಕಿದೆ. ಬೀರಿ ಬಂದ ಸಂಜೆ ಹತ್ತಾರು ಮನೆಗಳ ಪೊಟ್ಟಣಗಳನ್ನು ಬಿಚ್ಚಿ ಒಂದೇ ಡಬ್ಬಿಗೆ ಸುರಿದು, ವಾರಗಟ್ಟಲೆ ಮೆಲ್ಲುವುದು ಈ ಹಬ್ಬದ ಮುಖ್ಯ ಸುಖ. ಕೊಟ್ಟವರು ಎಷ್ಟೇ ಜತನದಿಂದ ಕಟ್ಟಿಕೊಟ್ಟ ಕೊಬ್ಬರಿ ಬೆಲ್ಲವೂ ಆ ಡಬ್ಬಿಗೆ ಬಿದ್ದರೆ ಕೆಟ್ಟಿತು. ಕೊಡುವವರು ಕಲಿಯಬೇಕಾದ್ದು ಸ್ವಲ್ಪ. ಪಡೆದ ಮನೆಯವರು ಎರಡು ಡಬ್ಬಿ ಇಡುವುದನ್ನು ಕಲಿಯಬೇಕು, ಅದರಲ್ಲೊಂದರ ಮೇಲೆ ಮಗುವಿನ ಹೆಸರು ಬರೆಯಬೇಕು.