ಸಸ್ಯಸಾರ ತೆಗೆಯುವ ಕ್ರಮಗಳು: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಚರಿತ್ರೆ

ಬೀಜ, ಕಾಯಿ, ಎಲೆ, ಮರಗಳಲ್ಲಿರುವ ಎಣ್ಣೆ, ಬಣ್ಣ, ಘಮ, ಔಷಧಾಂಶಗಳನ್ನು ಹಿಂಡಿ, ಕುದಿಸಿ, ಬಟ್ಟಿ ಇಳಿಸಿ ಅಥವಾ ದ್ರಾವಕದಲ್ಲಿ ಕರಗಿಸಿ ಬೇರ್ಪಡಿಸುವ ಕೆಲಸ ಇದು. ಗಾಳಿ, ನೀರು, ಕೆಲಸಗಾರರ ದೇಹ ಇವುಗಳಿಗೆ ಕೇಡು ಕಡಿಮೆ ಮಾಡುವ ನೀರು, ಎಥನಾಲ್, ಇಂಗಾಲದ ಡೈಆಕ್ಸೈಡ್ ಮುಂತಾದವನ್ನು ಈಗ ಹಸಿರು ದ್ರಾವಕಗಳೆನ್ನುತ್ತಾರೆ. ಒಂದು ಕಡೆ ತೆಂಗು, ಇನ್ನೊಂದು ಕಡೆ ಕಾಫಿ, ಮೆಣಸು, ಅಡಿಕೆ ಬೆಳೆಯುವ ಹಾಸನ ಜಿಲ್ಲೆಯ ಈ ಸೀಮೆಯಲ್ಲಿ ಹಳೆಯ, ಹೊಸ ಕ್ರಮಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಮೊದಲ ಸಾಧನ ಗಾಣ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಗಾಣದ ತೆರಿಗೆಯೂ ದೇಗುಲದ ನಂದಾದೀವಿಗೆಗೆ ಬಿಟ್ಟ ಎಣ್ಣೆಯೂ ಮತ್ತೆ ಮತ್ತೆ ಬರುತ್ತವೆ. ಗಾಣಕ್ಕೆ ದ್ರಾವಕ ಬೇಡ, ಬೆಂಕಿಯೂ ಬೇಡ. ಆದರೆ ಹಿಂಡಿಯಲ್ಲಿ ನೂರಕ್ಕೆ ಹತ್ತರಷ್ಟು ಎಣ್ಣೆ ಉಳಿದುಬಿಡುತ್ತದೆ. ಆ ಹಿಂಡಿ ಎಮ್ಮೆ, ಹಸುಗಳ ಮೇವಾಗುತ್ತಿದ್ದುದರಿಂದ ರೈತರ ಲೆಕ್ಕದಲ್ಲಿ ಅದು ನಷ್ಟವೇ ಅಲ್ಲ.

ನೀರಿನ ಕ್ರಮಗಳೂ ಹಳೆಯವು. ಹಸಿ ಅಡಿಕೆಯನ್ನು ಬೇಯಿಸಿದ ಕೆಂಪು ನೀರನ್ನು ಬತ್ತಿಸಿದರೆ ಸಿಗುವ ಚೊಗರು ಟ್ಯಾನಿನ್ ತುಂಬಿದ ಸಾರ. ಅದನ್ನೇ ಮತ್ತೆ ಅಡಿಕೆಗೆ ಬಣ್ಣವಾಗಿ ಹಚ್ಚುತ್ತಾರೆ. ಕಾಫಿ ಡಿಕಾಕ್ಷನ್ನೂ ಇದೇ ಜಾತಿಯದು. ಕೆಫೀನ್ 100 ಮಿ.ಲೀ. ತಣ್ಣೀರಿನಲ್ಲಿ ಸುಮಾರು 2 ಗ್ರಾಂ ಕರಗಿದರೆ ಕುದಿನೀರಿನಲ್ಲಿ ಅರವತ್ತು ಗ್ರಾಂ ಮೀರಿ ಕರಗುತ್ತದೆ. ಫಿಲ್ಟರಿಗೆ ಬಿಸಿನೀರೇ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಆಯುರ್ವೇದದ ಅರಿಷ್ಟ, ಆಸವಗಳಲ್ಲಂತೂ ಹುದುಗುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲೇ ದ್ರಾವಕ. ಹೊರಗಿನಿಂದ ಆಲ್ಕೋಹಾಲ್ ಬೆರೆಸದ ಈ ಉಪಾಯ ಇಂದಿನ ರಸಾಯನಶಾಸ್ತ್ರಜ್ಞರ ಗಮನಕ್ಕೆ ಯೋಗ್ಯವಾದುದು.

ಕಾರ್ಖಾನೆಯ ಯುಗ ಶ್ರೀಗಂಧದಿಂದ ಆರಂಭವಾಯಿತು. ಮೈಸೂರು ಸಂಸ್ಥಾನದ ಗಂಧದ ಮರ ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಆ ದಾರಿಯನ್ನು ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರು ಬಟ್ಟಿ ಇಳಿಸುವ ಕ್ರಮವನ್ನು ಇಲ್ಲೇ ಕುದುರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ತಯಾರಿಕೆ ಆರಂಭವಾಯಿತು. ಚೇಗಿನ ಪುಡಿಗೆ ಹಬೆ ಹಾಯಿಸಿ ಎಣ್ಣೆ ತೆಗೆಯುವ ಈ ಕ್ರಮದಲ್ಲಿ ದ್ರಾವಕದ ಕೇಡಿಲ್ಲ, ಆದರೆ ಒಂದು ತುಂಬು ಇಳಿಯಲು ದಿನಗಟ್ಟಲೆ ಉರಿಸಬೇಕು. ಹಸಿರೋ ಅಲ್ಲವೋ ಎಂಬುದನ್ನು ಸೌದೆ, ಕಲ್ಲಿದ್ದಲಿನ ಲೆಕ್ಕ ಬಿಟ್ಟು ತೀರ್ಮಾನಿಸಲಾಗದು.

ಹಬೆಗೆ ಇನ್ನೊಂದು ಮಿತಿಯಿದೆ. ಕಾಳುಮೆಣಸಿಗೆ ಹಬೆ ಹಾಯಿಸಿದರೆ ಘಮ ಮಾತ್ರ ಬರುತ್ತದೆ. ಖಾರ ಕೊಡುವ ಪೈಪರಿನ್ ಆವಿಯಾಗದೆ ಪುಡಿಯಲ್ಲೇ ನಿಲ್ಲುತ್ತದೆ. ಎರಡೂ ಸೇರಿದ ಓಲಿಯೋರೆಸಿನ್‌ಗೆ ಅಸಿಟೋನ್, ಈಥೈಲ್ ಅಸಿಟೇಟ್, ಎಥನಾಲ್‌ನಂಥ ದ್ರಾವಕ ಬೇಕು.

ಎಣ್ಣೆಬೀಜಗಳಿಗೆ 20ನೆಯ ಶತಮಾನದಲ್ಲಿ ಹೆಕ್ಸೇನ್ ಬಂತು. ಸುಮಾರು 69 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ಈ ಪೆಟ್ರೋಲಿಯಂ ದ್ರಾವಕ ಹಿಂಡಿಯಲ್ಲಿ ನೂರಕ್ಕೆ ಒಂದರಷ್ಟು ಎಣ್ಣೆಯನ್ನೂ ಉಳಿಸದು. ಆದರೆ ಬೇಗ ಹೊತ್ತಿಕೊಳ್ಳುತ್ತದೆ, ಹೆಚ್ಚು ಕಾಲ ಉಸಿರಾಡಿದವರ ನರಗಳನ್ನು ಕೆಡಿಸುತ್ತದೆ. ಬದಲಿಗೆ ಎಥನಾಲ್ ಬಳಸಬಹುದಾದರೂ ಅದನ್ನು ಆವಿ ಮಾಡಿ ಮರಳಿ ಪಡೆಯಲು ಹೆಚ್ಚು ಶಾಖ ಬೇಕು.

ಕಾಫಿಯಿಂದ ಕೆಫೀನ್ ತೆಗೆಯುವ ಕಥೆಯಲ್ಲಿ ಬದಲಾವಣೆ ಇನ್ನೂ ಸ್ಪಷ್ಟ. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಲುಡ್ವಿಗ್ ರೋಸೆಲಿಯಸ್ ಇದಕ್ಕೆ ಬಳಸಿದ್ದು ಬೆಂಜೀನ್. ಅದು ಕ್ಯಾನ್ಸರ್‌ಕಾರಕವೆಂದು ತಿಳಿದದ್ದು ಆಮೇಲೆ. 1960ರ ದಶಕದಲ್ಲಿ ಕರ್ಟ್ ಝೋಸೆಲ್ ಇಂಗಾಲದ ಡೈಆಕ್ಸೈಡನ್ನೇ ದ್ರಾವಕವಾಗಿಸುವ ದಾರಿ ತೋರಿದರು. 31 ಡಿಗ್ರಿ ಮತ್ತು 74 ಬಾರ್ ಒತ್ತಡ ದಾಟಿದ ಈ ಅನಿಲ ದ್ರವದಂತೆ ಕರಗಿಸಿ, ಒತ್ತಡ ಇಳಿದೊಡನೆ ಸುಳಿವಿಲ್ಲದೆ ಹಾರಿಹೋಗುತ್ತದೆ. ಗುಣದಲ್ಲಿ ಇದಕ್ಕೆ ಸಾಟಿ ಕಡಿಮೆ. ಅಷ್ಟು ಒತ್ತಡ ತಡೆಯುವ ಉಕ್ಕಿನ ಪಾತ್ರೆಗಳ ಬೆಲೆಯಿಂದಾಗಿ ಸಣ್ಣ ಬೆಳೆಗಾರರ ಕೈಗೆ ಮಾತ್ರ ಇದು ಎಟುಕುವುದಿಲ್ಲ.

ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆಗಳ ಎಣ್ಣೆಯನ್ನು ಡೀಸೆಲ್‌ಗೆ ಬದಲಾಗಿ ಬಳಸುವ ಪ್ರಯತ್ನ ಅಲ್ಲಿಯದು. ಹೊಂಗೆ ಹಿಂಡಿ ಕಹಿಯಾದ್ದರಿಂದ ಮೇವಿಗೆ ಒಗ್ಗದೆ ತೋಟಗಳಿಗೆ ಗೊಬ್ಬರವಾಗುತ್ತದೆ. ಇಂಥ ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಸಾಮಾನ್ಯವಾಗಿ ಬಳಸುವ ಮೆಥನಾಲ್ ಬಹುತೇಕ ನೈಸರ್ಗಿಕ ಅನಿಲದಿಂದ ಬರುವಂಥದು. ಕಬ್ಬಿನ ಕಾಕಂಬಿಯ ಎಥನಾಲ್‌ನಿಂದಲೂ ಇದು ಸಾಧ್ಯವಿದೆ, ಆದರೆ ಕ್ರಿಯೆ ನಿಧಾನ, ಕೊನೆಯಲ್ಲಿ ಗ್ಲಿಸರಿನ್ ಬೇರ್ಪಡಿಸುವುದೂ ಹೆಚ್ಚು ಕಷ್ಟ.