ಸಾರಾಯಿಯ ಲೆಕ್ಕ, ಹಿರಿಯರ ಮದ್ದು
ಜೋಯಿಡಾ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ಕುಡುಕರೆಂದು ಹೀಯಾಳಿಸುವ ನಾವು ಅಬಕಾರಿಯ ಚರಿತ್ರೆ ಓದುವುದಿಲ್ಲ. 1862ರಲ್ಲಿ ಈ ಜಿಲ್ಲೆ ಮುಂಬೈ ಪ್ರಾಂತ್ಯ ಸೇರಿತು. 1878ರ ಮುಂಬೈ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಕಾಯಿಸಿದ ಮದ್ಯ ಅಪರಾಧವಾಯಿತು. ಗುತ್ತಿಗೆದಾರನ ಅಂಗಡಿಯದು ಸರಕಾರದ ವರಮಾನವಾಯಿತು! ಪ್ಯಾಕೆಟ್ ಸಾರಾಯಿಗೂ ಸರಕಾರದ್ದೇ ಮುದ್ರೆ. 2007ರ ಜುಲೈ 1ರಂದು ಅದು ನಿಂತಿತು, ಬಾಟಲಿ ನಿಲ್ಲಲಿಲ್ಲ.

ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ನಡುಕ, ಸನ್ನಿ, ಕೆಲವೊಮ್ಮೆ ಸಾವು. ಅಲ್ಲಿ ನಾರುಬೇರು ಸಾಲದು, ಆಸ್ಪತ್ರೆಯೇ ಬೇಕು. ಆದರೆ ಮರಳಿ ಬಂದವನನ್ನು ಹಿಡಿದು ನಿಲ್ಲಿಸಬೇಕಾದದ್ದು ಊರು. ಕೆನಡಾದ ಆಲ್ಕಲಿ ಲೇಕ್ ಎಂಬ ಮೂಲನಿವಾಸಿಗಳ ಹಳ್ಳಿಯಲ್ಲಿ 1972ರಲ್ಲಿ ಒಬ್ಬ ತಾಯಿ ಕುಡಿತ ಬಿಟ್ಟಳು. ಮುಂದೆ ಬಹುಪಾಲು ಊರೇ ಬಿಟ್ಟಿತು, ಹಳೆಯ ಉಗಿಗುಡಿಸಲಿನ ವಿಧಿಗಳೂ ಮರಳಿದವು.

ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲರಲ್ಲೂ ‘ಹಿರಿಯರು’ ಎಂದು ಪೂರ್ವಜರನ್ನು ನೆನೆಯುವ ರೂಢಿಯಿದೆ. ಆ ಕೂಟಕ್ಕೆ ವೈದ್ಯರೂ ಹೋಗಿ ಕೂರಬಾರದೇಕೆ?